ತಪ್ಪು ಹೆಸರು, ತಪ್ಪದ ಮಾತು: ಗಣಕ ಮಾನಕದಲ್ಲಿ ೞಕಾರದ ಇತಿಹಾಸ

ಗಣಕ ತಂತ್ರಾಂಶದ ಇತಿಹಾಸದಲ್ಲಿ ದೋಷವನ್ನು ಪತ್ತೆಹಚ್ಚುವುದಕ್ಕಿಂತ, ಪತ್ತೆಯಾದ ದೋಷವನ್ನು ತಿದ್ದಬೇಕೇ ಎಂಬ ಪ್ರಶ್ನೆಯೇ ಹೆಚ್ಚು ಕಠಿಣವಾದ ಸಂದರ್ಭಗಳು ಹಲವು. ಕಾರ್ಯಾಚರಣ ವ್ಯವಸ್ಥೆಯೊಂದು ತನ್ನ ಮೇಲೆ ನಡೆಯುವ ತಂತ್ರಾಂಶಗಳಿಗೆ ಕೆಲವು ಮಾತುಗಳನ್ನು ಕೊಟ್ಟಿರುತ್ತದೆ: ಈ ಹೆಸರಿನಿಂದ ಕರೆದರೆ ಈ ಕೆಲಸ ನಡೆಯುತ್ತದೆ, ಈ ಸಂಖ್ಯೆಗೆ ಈ ಅರ್ಥವಿದೆ ಎಂಬ ಬಗೆಯವು. ಈ ಮಾತುಗಳ ಮೊತ್ತವನ್ನೇ ಇಂಟರ್‌ಫೇಸ್ ಎನ್ನುತ್ತಾರೆ. ಕೊಟ್ಟ ಮಾತಿನಲ್ಲಿಯೇ ತಪ್ಪು ಸೇರಿಕೊಂಡಿದ್ದರೆ, ತಪ್ಪನ್ನು ತಿದ್ದಿದಾಗ ಮಾತು ಮುರಿಯುತ್ತದೆ. ಮಾತನ್ನು ಉಳಿಸಿಕೊಂಡರೆ ತಪ್ಪು ಶಾಶ್ವತವಾಗುತ್ತದೆ.

ಈ ಇಕ್ಕಟ್ಟಿನ ಅತ್ಯಂತ ಪ್ರಸಿದ್ಧ ನಿದರ್ಶನ ಯುನಿಕ್ಸ್ ವ್ಯವಸ್ಥೆಯ 'ಮೇಕ್' ಎಂಬ ಸಾಧನದ್ದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ರಚಿಸಿದಾಗ ಆದೇಶದ ಸಾಲುಗಳು ಟ್ಯಾಬ್ ಚಿಹ್ನೆಯಿಂದಲೇ ಆರಂಭವಾಗಬೇಕೆಂಬ ನಿಯಮ ಇತ್ತು. ಕಣ್ಣಿಗೆ ಟ್ಯಾಬ್ ಮತ್ತು ಖಾಲಿ ಜಾಗ ಒಂದೇ ಆಗಿ ಕಾಣುವುದರಿಂದ ಇದು ತೊಡಕಿನ ನಿಯಮವೆಂದು ಅವರಿಗೆ ಬೇಗನೆ ಮನವರಿಕೆಯಾಯಿತು. ಆದರೆ ಅಷ್ಟರಲ್ಲಿ ಹನ್ನೆರಡರಷ್ಟು ಮಂದಿ ಅದನ್ನು ಬಳಸುತ್ತಿದ್ದರು. ಅವರಿಗೆ ತೊಂದರೆಯಾಗಬಾರದೆಂದು ನಿಯಮವನ್ನು ಹಾಗೆಯೇ ಬಿಡಲಾಯಿತು. ಅಂದಿನ ಆ ಕೆಲವರಿಗಾಗಿ ಉಳಿದ ನಿಯಮದಿಂದ ಇಂದಿಗೂ ಜಗತ್ತಿನಾದ್ಯಂತ ತಂತ್ರಾಂಶ ರಚಕರು ಎಡವುತ್ತಾರೆ. ಲಿನಕ್ಸ್ ತಿರುಳಿನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಇದೇ ನಿಲುವನ್ನು ಕಟ್ಟುನಿಟ್ಟಿನ ನಿಯಮವನ್ನಾಗಿ ಮಾಡಿದರು. ತಿರುಳಿನ ಬದಲಾವಣೆಯಿಂದ ಬಳಕೆದಾರರ ತಂತ್ರಾಂಶ ಕೆಟ್ಟರೆ, ಆ ಬದಲಾವಣೆ ಎಷ್ಟೇ ಸಮಂಜಸವಾಗಿದ್ದರೂ ಅದು ತಿರುಳಿನ ದೋಷವೇ ಎಂಬುದು ಅವರ ವಾದ.

2010ರಲ್ಲಿ ಇದರ ಇನ್ನೊಂದು ಮುಖ ಕಾಣಿಸಿತು. ಲಿನಕ್ಸ್‌ನ ಸಿ ಗ್ರಂಥಾಲಯದಲ್ಲಿ ಸ್ಮೃತಿಯ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲಿಸುವ 'ಮೆಮ್‌ಕಾಪಿ' ಎಂಬ ಕಾರ್ಯವನ್ನು ವೇಗಗೊಳಿಸಲು ನಕಲಿನ ದಿಕ್ಕನ್ನು ಬದಲಿಸಲಾಯಿತು. ಆ ಕಾರ್ಯವನ್ನು ನಿಯಮಬಾಹಿರವಾಗಿ ಬಳಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದಲ್ಲಿ ಧ್ವನಿ ಒಡೆಯತೊಡಗಿತು. ನಿಯಮದ ಪ್ರಕಾರ ತಪ್ಪು ಫ್ಲ್ಯಾಶ್‌ನದು. ತೊಂದರೆ ಮಾತ್ರ ಎರಡರ ಒಳಗುಟ್ಟನ್ನೂ ಅರಿಯದ ಬಳಕೆದಾರನದು. ಕೊನೆಗೆ ಒಂದೇ ಹೆಸರಿಗೆ ಎರಡು ಆವೃತ್ತಿಗಳನ್ನು ಇರಿಸಲಾಯಿತು. ಹಳೆಯ ತಂತ್ರಾಂಶಗಳಿಗೆ ಅಪಾಯವಿಲ್ಲದ ಹಳೆಯ ನಡವಳಿಕೆ, ಹೊಸದಾಗಿ ಸಿದ್ಧವಾದವುಗಳಿಗೆ ಹೊಸ ನಡವಳಿಕೆ. ಹಳೆಯದನ್ನು ಅಳಿಸದೆ ಅದರ ಪಕ್ಕದಲ್ಲಿ ಹೊಸದನ್ನು ನಿಲ್ಲಿಸುವ ಈ ಉಪಾಯ ಮುಂದಿನ ಚರ್ಚೆಗೂ ಮುಖ್ಯವಾದುದು.

ಭಾಷೆಯ ದೃಷ್ಟಿಯಿಂದ ನೋಡಿದರೆ, ಕಾರ್ಯಾಚರಣ ವ್ಯವಸ್ಥೆಯ ಇಂಟರ್‌ಫೇಸ್‌ಗಳಲ್ಲಿ ಅತ್ಯಂತ ಆಳದಲ್ಲಿರುವುದು ಅಕ್ಷರಗಳ ಸಂಕೇತಪಟ್ಟಿ. ಕಡತ, ಕಡತದ ಹೆಸರು, ಶೋಧ, ಅಕಾರಾದಿ ವಿಂಗಡಣೆ ಎಲ್ಲವೂ ಅದರ ಮೇಲೆ ನಿಂತಿವೆ. ಕನ್ನಡ ಲಿಪಿಯು ಈ ಪಟ್ಟಿಯನ್ನು ಪ್ರವೇಶಿಸಿದಾಗ ಅದರ ಒಂದು ಅಕ್ಷರಕ್ಕೆ ತಪ್ಪು ಹೆಸರು ಅಂಟಿಕೊಂಡಿತು. ಆ ಹೆಸರು ಇಂದಿಗೂ ಹಾಗೆಯೇ ಇದೆ, ಇನ್ನು ಮುಂದೆಯೂ ಹಾಗೆಯೇ ಇರುತ್ತದೆ.

ಶಾಸನದ ಅಕ್ಷರ, ಪಟ್ಟಿಯ ಸ್ಥಾನ

ಹಳಗನ್ನಡದ ೞಕಾರ ಕನ್ನಡದ ಶಾಸನಾಭ್ಯಾಸಿಗಳಿಗೆ ಚಿರಪರಿಚಿತ. ಇಂದಿನ 'ಏಳು', 'ಕೋಳಿ' ಎಂಬ ಪದಗಳು ಹಳಗನ್ನಡದಲ್ಲಿ 'ಏೞ್', 'ಕೋೞಿ' ಎಂದಿದ್ದವು. ವ್ಯಂಜನದ ಹಿಂದೆ ಬಂದ ೞ ಕಾಲಕ್ರಮದಲ್ಲಿ ರೇಫವಾಗಿ, ಬಳಿಕ ಮುಂದಿನ ವ್ಯಂಜನದಲ್ಲಿ ಲೀನವಾಯಿತು. 'ಪೊೞ್ತು' 'ಪೊರ್ತು' ಆಗಿ 'ಹೊತ್ತು' ಎಂದಾದುದು, 'ಗೞ್ದೆ' 'ಗರ್ದೆ' ಆಗಿ 'ಗದ್ದೆ' ಎಂದಾದುದು ಇದಕ್ಕೆ ನಿದರ್ಶನ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿಸ್ತಾರವಾಗಿ ನಿರೂಪಿಸುತ್ತಾನೆ. ಬರಹದಲ್ಲಿ ೞ ಬರಬೇಕಾದೆಡೆ ಳ ಬಂದಿದ್ದರೆ ಅದು ಕೇವಲ ಕಾಗುಣಿತದ ವಿಷಯವಾಗದೆ, ಆ ಬರಹದ ಕಾಲವನ್ನು ಅಂದಾಜು ಮಾಡಲು ಒಂದು ಆಧಾರವೂ ಆಗುತ್ತದೆ. ಕಲ್ಯಾಣ ಚಾಲುಕ್ಯರ, ಕಳಚುರಿಗಳ, ಯಾದವರ ಆಳ್ವಿಕೆಯ ಕನ್ನಡ ಶಾಸನಗಳು ದೊರೆತಿರುವ ಸೊಲ್ಲಾಪುರ ಜಿಲ್ಲೆಯಂತಹ ಪ್ರದೇಶದಲ್ಲಿ, ಶಾಸನಪಾಠವನ್ನು ಗಣಕಕ್ಕೆ ಇಳಿಸುವವರಿಗೆ ೞ ಮತ್ತು ಳ ಎರಡೂ ಬೇರೆಬೇರೆಯಾಗಿಯೇ ಬೇಕು. ಒಂದನ್ನು ಇನ್ನೊಂದರಲ್ಲಿ ಕರಗಿಸಿದರೆ ಅಳಿಯುವುದು ಸಾಕ್ಷ್ಯ.

ಭಾರತೀಯ ಲಿಪಿಗಳಿಗೆ ಏಕರೂಪದ ಸಂಕೇತವನ್ನು ಒದಗಿಸಿದುದು 'ಇಸ್ಕಿ'. ಅದರ 1988ರ ರೂಪ ಮುಂದೆ ಪರಿಷ್ಕಾರಗೊಂಡು 1991ರಲ್ಲಿ ಭಾರತೀಯ ಮಾನಕ 13194 ಎಂದು ಪ್ರಕಟವಾಯಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ಒಂದೇ ವರ್ಣಕ್ರಮ ಎಂಬುದು ಅದರ ತತ್ತ್ವ. ಅದೇ 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯು 1988ರ ಇಸ್ಕಿಯನ್ನು ಆಧರಿಸಿ, ಪ್ರತಿಯೊಂದು ಲಿಪಿಗೂ 128 ಸ್ಥಾನಗಳ ಪ್ರತ್ಯೇಕ ವಲಯವನ್ನು ಕೊಟ್ಟಿತು. ದಶಮಾನ ಗಣನೆಯಲ್ಲಿ ದೇವನಾಗರಿಯ ವಲಯ 2304ರಿಂದ, ಕನ್ನಡದ ವಲಯ 3200ರಿಂದ ಆರಂಭವಾಗುತ್ತದೆ. ಈ ವಲಯಗಳನ್ನು ಸಮಾನಾಂತರವಾಗಿ ಜೋಡಿಸಲಾಗಿದೆ. ವಲಯದ ಆರಂಭಕ್ಕೆ 51 ಕೂಡಿಸಿದರೆ ದೇವನಾಗರಿಯಲ್ಲಿಯೂ ಕನ್ನಡದಲ್ಲಿಯೂ ಳಕಾರವೇ ದೊರೆಯುತ್ತದೆ.

ಈ ವಿನ್ಯಾಸದಲ್ಲಿ 52 ಕೂಡಿಸಿದಾಗ ದೊರೆಯುವುದು ೞಕಾರದ ಸ್ಥಾನ. ತಮಿಳು, ಮಲಯಾಳಂ, ದೇವನಾಗರಿ ವಲಯಗಳಲ್ಲಿ ಆ ಧ್ವನಿಯ ಅಕ್ಷರ ಅಲ್ಲಿಯೇ ಇದೆ. ಕನ್ನಡದಲ್ಲಿ ಮಾತ್ರ ಆ ಸ್ಥಾನ, ಅಂದರೆ 3252, ಖಾಲಿ. ಕನ್ನಡದ ೞ ಇರುವುದು ಬಹಳ ದೂರದಲ್ಲಿ, 3294ರಲ್ಲಿ. ಅಂದರೆ ವಲಯದ ಆರಂಭಕ್ಕೆ 94 ಕೂಡಿಸಿದ ಸ್ಥಾನದಲ್ಲಿ. ದೇವನಾಗರಿಯ ಅದೇ ಸ್ಥಾನದಲ್ಲಿ ಇರುವುದು ಫಕಾರದ ಕೆಳಗೆ ಚುಕ್ಕೆಯಿಟ್ಟು ಬರೆಯುವ, ಪಾರಸಿ ಮತ್ತು ಇಂಗ್ಲಿಷ್ ಪದಗಳಿಗಾಗಿ ಬಳಕೆಯಾಗುವ 'ಫ಼' ಅಕ್ಷರ. ಹೀಗಾಗಿ ಯೂನಿಕೋಡ್‌ನಲ್ಲಿ ಕನ್ನಡ ೞಕಾರದ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ' ಎಂದಾಗಿದೆ. ಪಟ್ಟಿಯಲ್ಲಿ ಮುದ್ರಿತವಾಗಿರುವ ಆಕೃತಿ ೞ. ಅದರ ಹೆಸರು ಮಾತ್ರ ಧ್ವನಿಯಲ್ಲಿಯಾಗಲಿ ಇತಿಹಾಸದಲ್ಲಿಯಾಗಲಿ ಯಾವ ಸಂಬಂಧವೂ ಇಲ್ಲದ ಇನ್ನೊಂದು ಅಕ್ಷರದ್ದು. ತಪ್ಪಿನ ಮೂಲವನ್ನು ಪಟ್ಟಿಯ ಸಮಾನಾಂತರ ವಿನ್ಯಾಸವೇ ಸೂಚಿಸುತ್ತದೆ: ಸ್ಥಾನ ಒಂದು ಲಿಪಿಯ ತರ್ಕದಿಂದ ಬಂದಿತು, ಆಕೃತಿ ಇನ್ನೊಂದರ ಪರಂಪರೆಯಿಂದ ಬಂದಿತು. ಕನ್ನಡದಲ್ಲಿ 'ಫ಼' ಎಂದು ಬರೆಯಲು ಬೇಕಾದ ನುಕ್ತಾ ಚಿಹ್ನೆ ಕನ್ನಡ ವಲಯಕ್ಕೆ ಸೇರಿದುದು 2003ರ 4.0ನೆಯ ಆವೃತ್ತಿಯಲ್ಲಿ.

ಕೊಟ್ಟ ಮಾತಿನ ಹುಟ್ಟು

ಹೆಸರನ್ನು ತಿದ್ದಲು ಒಂದು ಸಾಲಿನ ಬದಲಾವಣೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಕೊರಿಯನ್ ಲಿಪಿಯ ಇತಿಹಾಸದಲ್ಲಿದೆ. ಯೂನಿಕೋಡ್ 1.1ರಲ್ಲಿ ಕೊರಿಯನ್‌ನ 6,656 ಅಕ್ಷರಗುಚ್ಛಗಳಿದ್ದವು. 1996ರ 2.0ನೆಯ ಆವೃತ್ತಿಯಲ್ಲಿ ಅವುಗಳನ್ನು ತೆಗೆದು, 11,172 ಗುಚ್ಛಗಳ ಪೂರ್ಣ ಪಟ್ಟಿಯನ್ನು ಬೇರೊಂದೆಡೆ ಇರಿಸಲಾಯಿತು. ಹೊಸ ವ್ಯವಸ್ಥೆ ತಾರ್ಕಿಕವಾಗಿ ಉತ್ತಮವಾಗಿತ್ತು. ಆದರೆ ಹಳೆಯ ಸಂಕೇತದಲ್ಲಿ ಬರೆದಿಟ್ಟ ಕೊರಿಯನ್ ಪಠ್ಯಗಳು ಅರ್ಥಹೀನವಾದವು. ಈ ಅನುಭವದ ಬಳಿಕ ಯೂನಿಕೋಡ್ ಸಂಸ್ಥೆ ಎರಡು ಮಾತುಗಳನ್ನು ಕೊಟ್ಟಿತು. ಒಮ್ಮೆ ಸೇರಿಸಿದ ಅಕ್ಷರವನ್ನು ತೆಗೆಯುವುದಿಲ್ಲ, ಸ್ಥಳಾಂತರಿಸುವುದಿಲ್ಲ ಎಂಬುದು ಮೊದಲನೆಯದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಎರಡನೆಯದು. ಕನ್ನಡ ೞಕಾರದ ತಪ್ಪು ಹೆಸರು ಈ ಎರಡನೆಯ ಮಾತಿನೊಳಗೆ ಸಿಲುಕಿಕೊಂಡಿತು.

ಹೆಸರು ಇಲ್ಲಿ ವರ್ಣನೆಯಾಗಿರದೆ ಗುರುತಾಗಿರುತ್ತದೆ ಎಂಬುದು ಮಾನಕದ ನಿಲುವು. ತಂತ್ರಾಂಶಗಳು ಅಕ್ಷರವನ್ನು ಹೆಸರಿನಿಂದಲೂ ಕರೆಯಬಲ್ಲವು. ಹೆಸರು ಬದಲಾದರೆ ಅವು ನಿಲ್ಲುತ್ತವೆ. ಗ್ರಾಮನಾಮಗಳ ಅಭ್ಯಾಸಿಗಳಿಗೆ ಈ ತರ್ಕ ಹೊಸದಲ್ಲ. ಸೊಲ್ಲಾಪುರ ಜಿಲ್ಲೆಯ ಸಲಗರ ಬುದ್ರುಕದ ಹೆಸರಿನಲ್ಲಿರುವ 'ಬುದ್ರುಕ' ಪಾರಸಿಯ 'ಬುಜುರ್ಗ್' ಎಂಬುದರಿಂದ ಬಂದುದು. ಹಿರಿಯದು, ದೊಡ್ಡದು ಎಂದು ಅದರ ಅರ್ಥ. ಅದರ ಜೊತೆಯ ಶಬ್ದ 'ಖುರ್ದ' ಕಿರಿಯದನ್ನು ಸೂಚಿಸುತ್ತದೆ. ಮಹಾರಾಷ್ಟ್ರದಲ್ಲಿ ಎಲ್ಲಿಯಾದರೂ ಖುರ್ದ ಎಂಬ ಊರು ಬೆಳೆದು ಬುದ್ರುಕವನ್ನು ಮೀರಿದರೂ ಕಂದಾಯ ದಾಖಲೆಗಳಲ್ಲಿ ಎರಡರ ಹೆಸರುಗಳನ್ನು ಅದಲುಬದಲು ಮಾಡುವವರಿಲ್ಲ. ಹಾಗೆ ಮಾಡಿದರೆ ಹಳೆಯ ಖರೀದಿಪತ್ರ, ಸಾತ್‌ಬಾರಾ ಉತಾರೆಗಳು ಬೇರೊಂದು ಊರಿನ ಭೂಮಿಯನ್ನು ತೋರಿಸತೊಡಗುತ್ತವೆ. ವರ್ಣನೆಯಾಗಿ ಹುಟ್ಟಿದ ಹೆಸರು ದಾಖಲೆಗೆ ಸೇರಿದ ಮೇಲೆ ಗುರುತಾಗಿ ಬದುಕುತ್ತದೆ.

ಆದರೂ ಯೂನಿಕೋಡ್ ಸಂಸ್ಥೆ ತಪ್ಪನ್ನು ಅಲಕ್ಷಿಸಲಿಲ್ಲ. 2006ರ 5.0ನೆಯ ಆವೃತ್ತಿಯಲ್ಲಿ 'ಔಪಚಾರಿಕ ಪರ್ಯಾಯ ಹೆಸರು' ಎಂಬ ಹೊಸ ವ್ಯವಸ್ಥೆಯನ್ನು ತರಲಾಯಿತು. ಮೂಲ ಹೆಸರು ಹಾಗೆಯೇ ಉಳಿಯುತ್ತದೆ. ಅದರ ಪಕ್ಕದಲ್ಲಿ ತಿದ್ದುಪಡಿಯೆಂಬ ಸೂಚನೆಯೊಡನೆ ಸರಿಯಾದ ಹೆಸರು ಸೇರುತ್ತದೆ, ಅದಕ್ಕೂ ಸ್ಥಿರತೆಯ ಭರವಸೆ ಇರುತ್ತದೆ. ಕನ್ನಡ ೞಕಾರಕ್ಕೆ ಹೀಗೆ 'ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ' ಎಂಬ ಹೆಸರು ದೊರೆಯಿತು. ಅದರ ಜೊತೆಗಾರರು ಬೇರೆ ಲಿಪಿಗಳಲ್ಲಿಯೂ ಇದ್ದಾರೆ. ಲಾವೋ ಲಿಪಿಯ ಎರಡು ಲಕಾರಗಳ ಹೆಸರುಗಳು ಪರಸ್ಪರ ಬದಲಾಗಿದ್ದವು. ಒಂದು ಆವರಣ ಚಿಹ್ನೆಯ ಇಂಗ್ಲಿಷ್ ಹೆಸರಿನಲ್ಲಿ 'ಬ್ರ್ಯಾಕೆಟ್' ಎಂಬ ಪದದ ಕಾಗುಣಿತವೇ ತಪ್ಪಾಗಿತ್ತು. ಅಚ್ಚಿನ ದೋಷವೆಂದು ಯಾರಿಗೂ ತಿಳಿಯುವ ಆ ಹೆಸರೂ ಇಂದಿಗೂ ಹಾಗೆಯೇ ಇದೆ.

ತೆಲುಗಿನ ಇತಿಹಾಸವನ್ನು ಇದರೊಡನೆ ಹೋಲಿಸುವುದು ಉಪಯುಕ್ತ. ತೆಲುಗಿನ ಪ್ರಾಚೀನ ೞಕಾರ ಯೂನಿಕೋಡ್‌ಗೆ ಸೇರಿದುದು 2014ರ 7.0ನೆಯ ಆವೃತ್ತಿಯಲ್ಲಿ, ಕನ್ನಡಕ್ಕಿಂತ ಎರಡು ದಶಕಕ್ಕೂ ಹೆಚ್ಚು ತಡವಾಗಿ. ಆದರೆ ಅದು ವಲಯದ 52ರ ಸ್ಥಾನದಲ್ಲಿ, ಸರಿಯಾದ ಹೆಸರಿನೊಡನೆ ಸೇರಿತು. ಮೊದಲೇ ಒಳಬಂದ ಕನ್ನಡದ ಅಕ್ಷರಕ್ಕೆ ಬಳಕೆಯ ಅವಕಾಶ ಬೇಗ ದೊರೆಯಿತು, ತಪ್ಪೂ ಅಂಟಿಕೊಂಡಿತು. ಕಾದು ಬಂದ ತೆಲುಗಿನ ಅಕ್ಷರಕ್ಕೆ ಶುದ್ಧ ದಾಖಲೆ ದೊರೆಯಿತು, ಅಲ್ಲಿಯವರೆಗೆ ಬಳಕೆ ಇಲ್ಲವಾಯಿತು.

ಎರಡು ಲಿಪಿ, ಒಂದು ರೇಫ

ಹೆಸರಿನ ತಪ್ಪು ಬಹುಮಟ್ಟಿಗೆ ತಜ್ಞರ ಕಣ್ಣಿಗಷ್ಟೇ ಬೀಳುವಂಥದು. ದಿನಬಳಕೆಯ ಬರಹದಲ್ಲಿ ಇದೇ ಇಕ್ಕಟ್ಟು ಕಾಣಿಸುವುದು ರಕಾರದಲ್ಲಿ. ಅಕ್ಕಲಕೋಟ ತಾಲೂಕಿನಂತೆ ಮರಾಠಿ, ಕನ್ನಡ ಎರಡನ್ನೂ ಓದಿ ಬರೆಯುವವರಿರುವ ಕಡೆ ಅದರ ಎರಡು ರೂಪಗಳೂ ಒಟ್ಟಿಗೆ ಎದುರಾಗುತ್ತವೆ.

ಮರಾಠಿಯಲ್ಲಿ ವ್ಯಂಜನದ ಹಿಂದಿನ ರಕಾರಕ್ಕೆ ಎರಡು ಆಕೃತಿಗಳಿವೆ. ಒಂದು ಅಕ್ಷರದ ತಲೆಯ ಮೇಲೆ ನಿಲ್ಲುವ ರೇಫ. ಇನ್ನೊಂದು ಅಕ್ಷರದ ಎಡಕ್ಕೆ ಕಣ್ಣುರೆಪ್ಪೆಯಂತೆ ಬಾಗುವ ರೂಪ. ಇವುಗಳಲ್ಲಿ ಅರ್ಥಭೇದವಿದೆ. ರೇಫವಿದ್ದರೆ 'ದರ್ಯಾ' ಎಂದರೆ ಸಮುದ್ರ. ರೆಪ್ಪೆಯ ರೂಪವಿದ್ದರೆ 'ದರ‍್ಯಾ' ಎಂದರೆ ಕಣಿವೆಗಳು. ಯೂನಿಕೋಡ್‌ನ 2.0ನೆಯ ಆವೃತ್ತಿಯ ಕ್ರಮದಲ್ಲಿ ಈ ರೂಪವನ್ನು ರಕಾರ, ವಿರಾಮ, ಶೂನ್ಯ ಅಗಲದ ಜೋಡಕ ಎಂಬ ಅನುಕ್ರಮದಿಂದ ಪಡೆಯಲಾಗುತ್ತಿತ್ತು. ಇಸ್ಕಿಯ ಕ್ರಮದಂತೆ ಕೆಳಚುಕ್ಕೆಯ ರಕಾರ ಮತ್ತು ವಿರಾಮವನ್ನು ಬಳಸಬೇಕೆಂಬ ನಿಯಮ ಮುಖ್ಯವಾದ ಮೇಲೂ ಹಳೆಯ ಅನುಕ್ರಮವನ್ನು ರದ್ದುಪಡಿಸಲಿಲ್ಲ, 2.0ರೊಡನೆ ಹೊಂದಾಣಿಕೆಗಾಗಿ ಎಂಬ ಸ್ಪಷ್ಟ ಟಿಪ್ಪಣಿಯೊಡನೆ ಅದನ್ನು ಉಳಿಸಿಕೊಳ್ಳಲಾಯಿತು. ಮೆಮ್‌ಕಾಪಿಯ ಪರಿಹಾರದಂತೆ ಇಲ್ಲಿಯೂ ಹಳೆಯದೂ ಹೊಸದೂ ಸಹಬಾಳ್ವೆ ನಡೆಸಿವೆ. ಹಳೆಯ ಮರಾಠಿ ಕಡತಗಳು ಕೆಡಲಿಲ್ಲ. ಅದಕ್ಕೆ ತೆತ್ತ ಬೆಲೆಯೆಂದರೆ, ನೋಡಲು ಒಂದೇ ಆದ ಪದಕ್ಕೆ ಗಣಕದೊಳಗೆ ಎರಡು ಕಾಗುಣಿತಗಳಾದವು. ಎರಡನ್ನೂ ಒಂದೆಂದು ಎಣಿಸುವಂತೆ ತಂತ್ರಾಂಶವನ್ನು ರೂಪಿಸದಿದ್ದರೆ ಒಂದನ್ನು ಹುಡುಕಿದಾಗ ಇನ್ನೊಂದು ಸಿಕ್ಕುವುದಿಲ್ಲ.

ಕನ್ನಡದಲ್ಲಿ ಇದೇ ರಕಾರ ಸಾಮಾನ್ಯವಾಗಿ ಅರ್ಕಾವತ್ತಾಗುತ್ತದೆ: 'ಸೂರ್ಯ', 'ಕಾರ್ಯ'. ಆದರೆ 'ರ‍್ಯಾಂಕ್', 'ರ‍್ಯಾಲಿ' ಮುಂತಾದ ಎರವಲು ಪದಗಳ ಮೊದಲಿಗೆ ಅರ್ಕಾವತ್ತು ಬಂದರೆ ಓದು ಎಡವುತ್ತದೆ. ಅಲ್ಲಿ ಪೂರ್ಣ ರಕಾರವೇ ಬೇಕು. ಅದಕ್ಕಾಗಿ ಮಾನಕ ಸೂಚಿಸುವ ಅನುಕ್ರಮ ರಕಾರ, ಜೋಡಕ, ವಿರಾಮ, ಆಮೇಲೆ ವ್ಯಂಜನ. ದೇವನಾಗರಿಯ ಹಳೆಯ ಅನುಕ್ರಮದಲ್ಲಿ ಜೋಡಕ ವಿರಾಮದ ನಂತರ ಬರುತ್ತದೆ. ಕನ್ನಡದಲ್ಲಿ ವಿರಾಮಕ್ಕಿಂತ ಮೊದಲು. ಎರಡೂ ಲಿಪಿಗಳಲ್ಲಿ ಬೆರಳಚ್ಚು ಮಾಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣದ ತೊಡಕು. ಜಾಲತಾಣಗಳ ಹೆಸರುಗಳಿಗಾಗಿ 2010ರಲ್ಲಿ ಪ್ರಕಟವಾದ ನಿಯಮಾವಳಿ ಜೋಡಕವನ್ನು ವಿರಾಮದ ನಂತರ ಬಂದಾಗ ಮಾತ್ರ ಒಪ್ಪುತ್ತದೆ. ಆದುದರಿಂದ ಕನ್ನಡದ ಸರಿಯಾದ 'ರ‍್ಯಾ' ಜಾಲತಾಣದ ಹೆಸರಿನಲ್ಲಿ ಬರಲಾರದು. ತನ್ನ ಮಟ್ಟಿಗೆ ಸ್ಥಿರವಾಗಿರುವ ಒಂದು ನಿಯಮ ಅಷ್ಟೇ ಸ್ಥಿರವಾಗಿರುವ ಇನ್ನೊಂದಕ್ಕೆ ಅಡ್ಡ ನಿಂತಿದೆ; ಎರಡನ್ನೂ ಬದಲಿಸುವುದು ಸುಲಭವಲ್ಲ.

ಎಲ್ಲವೂ ಹೀಗೆ ಬಿಗಿಯಾಗಿದೆ ಎಂದಲ್ಲ. ಳಕಾರ ಸಂಕೇತಪಟ್ಟಿಯಲ್ಲಿ ಲಕಾರದ ಮರುಸ್ಥಾನದಲ್ಲಿದ್ದರೂ ಕನ್ನಡ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಬರುವ ಅಕ್ಷರ. ಅಕಾರಾದಿ ಕ್ರಮವನ್ನು ಸಂಕೇತಸಂಖ್ಯೆಯಿಂದ ಬೇರ್ಪಡಿಸಿ ಪ್ರತ್ಯೇಕ ಕೋಷ್ಟಕಕ್ಕೆ ಒಪ್ಪಿಸಿರುವುದರಿಂದ ಅದನ್ನು ಭಾಷೆಗೆ ತಕ್ಕಂತೆ ಹೊಂದಿಸಬಹುದು. ಅಕ್ಷರಗಳ ಆಕೃತಿ, ಒತ್ತುಗಳ ಜೋಡಣೆಗಳನ್ನು ಫಾಂಟ್‌ಗಳಲ್ಲಿ ತಿದ್ದಬಹುದು. ಬದಲಾಗಬಾರದ್ದನ್ನು ಕಿರಿದಾಗಿರಿಸಿ, ಬದಲಾಗಬಹುದಾದ್ದನ್ನು ಅದರ ಹೊರಗೆ ಇಡುವುದು ಕಾರ್ಯಾಚರಣ ವ್ಯವಸ್ಥೆಗಳ ನಿರ್ಮಾತೃಗಳು ಅನುಸರಿಸುವ ವಿವೇಕ. ಅಕ್ಷರ ಮಾನಕದಲ್ಲಿಯೂ ದೋಷಪರಿಹಾರಕ್ಕೆ ದಾರಿ ಸಿಕ್ಕಿರುವುದು ಈ ವಿಭಜನೆಯಿಂದಲೇ.

ಮಾತಿಲ್ಲದ ಕಾಲ

ಸ್ಥಿರತೆಯ ಬೆಲೆ ತಿಳಿಯಬೇಕಾದರೆ ಅದು ಇಲ್ಲದಿದ್ದ ಕಾಲವನ್ನು ನೆನೆಯಬೇಕು. ವಿಂಡೋಸ್ 2000ರಲ್ಲಿ ಮರಾಠಿಗೆ ಕಾರ್ಯಾಚರಣ ವ್ಯವಸ್ಥೆಯ ಮಟ್ಟದಲ್ಲಿಯೇ ಬೆಂಬಲ ದೊರೆಯಿತು. ಕನ್ನಡಕ್ಕೆ ಅದು ದೊರೆತುದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟ್‌ನೊಡನೆ. ಅದಕ್ಕೆ ಮೊದಲು, ಮತ್ತು ಆಮೇಲೆಯೂ ಬಹುಕಾಲ, ಕನ್ನಡದ ಗಣಕ ಬರಹ ನಡೆದುದು ಫಾಂಟ್‌ಗಳ ಆಸರೆಯಲ್ಲಿ. ಕರ್ನಾಟಕದಲ್ಲಿ ಬರಹ, ನುಡಿ ತಂತ್ರಾಂಶಗಳು, ಮಹಾರಾಷ್ಟ್ರದಲ್ಲಿ ಪುಣೆಯಿಂದ ಬಂದ ಶ್ರೀಲಿಪಿ, ಸಿ-ಡ್ಯಾಕ್‌ನ ಐಎಸ್‌ಎಂ ಮುಂತಾದವು ಡಿಟಿಪಿ ಕೆಲಸಕ್ಕೆ ಒದಗಿದವು. ಇವುಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಯಾವ ಸಂಖ್ಯೆಗೆ ಯಾವ ತುಂಡು ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತಿತ್ತು. ದೋಷವನ್ನು ತಿದ್ದಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಸಾಲುಗಳಷ್ಟೇ ಕಾಣುತ್ತಿದ್ದವು.

ದೊಡ್ಡ ಭಾಷಾಸಮುದಾಯ ಇಂತಹ ಕಡತಗಳನ್ನು ಮತ್ತೆ ಬೆರಳಚ್ಚು ಮಾಡಿಸಬಲ್ಲದು, ಪರಿವರ್ತಕಗಳನ್ನು ಬರೆಸಬಲ್ಲದು, ಕರಡು ತಿದ್ದಿಸಬಲ್ಲದು. ಮಹಾರಾಷ್ಟ್ರದ ಕನ್ನಡದಂತಹ ಅಲ್ಪಸಂಖ್ಯಾತ ಭಾಷೆಗೆ ಆ ಬಲ ಕಡಿಮೆ. ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಹೊರತರುತ್ತದೆ; ಅದರ ಹೊರಗೆ ಸ್ಮರಣಸಂಚಿಕೆ, ಸ್ಥಳೀಯ ಇತಿಹಾಸ, ಜಾನಪದ ಸಂಗ್ರಹ, ಶಾಸನಪಾಠಗಳ ಬರಹ ಬಹುಪಾಲು ವ್ಯಕ್ತಿಗಳ ಶ್ರಮದ ಫಲ. ಒಬ್ಬ ಸಂಗ್ರಾಹಕನ ಕಡತ ಓದಲಾಗದೆ ಹೋದರೆ ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಾರದು. ಆದುದರಿಂದ ಶುದ್ಧವಾದರೂ ಪದೇ ಪದೇ ಬದಲಾಗುವ ಮಾನಕಕ್ಕಿಂತ, ಒಂದೆರಡು ತಪ್ಪುಗಳಿದ್ದರೂ ಮಾತು ತಪ್ಪದ ಮಾನಕವೇ ಸಣ್ಣ ಸಮುದಾಯಕ್ಕೆ ಹೆಚ್ಚು ಆಸರೆ. ಇಂದು 3294 ಎಂಬ ಸಂಖ್ಯೆಯಲ್ಲಿ ದಾಖಲಾದ ೞ ಮುಂದಿನ ತಲೆಮಾರಿನ ಗಣಕದಲ್ಲಿಯೂ ೞ ಆಗಿಯೇ ತೆರೆದುಕೊಳ್ಳುತ್ತದೆ. ಅದರ ಇಂಗ್ಲಿಷ್ ಹೆಸರು ಏನೇ ಇರಲಿ, ಶಾಸನದ ಸಾಕ್ಷ್ಯ ಉಳಿಯುತ್ತದೆ.

ಇದರ ಮರುಬದಿಯೂ ಅಷ್ಟೇ ಗಂಭೀರ. ಸ್ಥಿರತೆಯ ಭರವಸೆ ಎಲ್ಲರಿಗೂ ಸಮಾನವಾಗಿ ಕಂಡರೂ, ಅದು ಕಾಪಾಡುವುದು ಪಟ್ಟಿ ಸಿದ್ಧವಾದ ದಿನ ಅಲ್ಲಿದ್ದವರ ತಿಳಿವಳಿಕೆಯನ್ನು. ಹಳಗನ್ನಡ ಬಲ್ಲವರೊಬ್ಬರು ಆ ಹೆಸರನ್ನು ಸಕಾಲದಲ್ಲಿ ನೋಡಿದ್ದರೆ ತಿದ್ದುಪಡಿಗೆ ಒಂದು ಸಾಲು ಸಾಕಾಗುತ್ತಿತ್ತು. ಕಾಲ ಮೀರಿದ ಮೇಲೆ ಪರ್ಯಾಯ ಹೆಸರಿನ ಹೊಸ ವ್ಯವಸ್ಥೆಯೇ ಬೇಕಾಯಿತು. ಕನ್ನಡ ವಲಯಕ್ಕೆ ಅಕ್ಷರಗಳು ಸೇರುವುದು ಇನ್ನೂ ನಿಂತಿಲ್ಲ. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುವ 'ನಕಾರ ಪೊಲ್ಲು' ಸೇರಿದುದು 2021ರ 14.0ನೆಯ ಆವೃತ್ತಿಯಲ್ಲಿ; ಈ ಬಾರಿ ಹೆಸರೂ ಕನ್ನಡದ್ದೇ. ಸೇರ್ಪಡೆಯ ಪ್ರತಿಯೊಂದು ಪ್ರಸ್ತಾವವೂ ಅಂಗೀಕಾರಕ್ಕೆ ಮೊದಲು ಸಾರ್ವಜನಿಕವಾಗಿ ಲಭ್ಯವಿರುತ್ತದೆ. ಶಾಸನ, ಹಸ್ತಪ್ರತಿ, ಗಡಿನಾಡಿನ ದ್ವಿಭಾಷಿಕ ಬರಹಗಳನ್ನು ಬಲ್ಲ ವಿದ್ವಾಂಸರ ಅಭಿಪ್ರಾಯಕ್ಕೆ ಬೆಲೆಯಿರುವುದು ಆ ಕೆಲವು ತಿಂಗಳುಗಳಲ್ಲಿ. ಅದು ಮುಗಿದ ಮೇಲೆ ಸರಿಯಾದದ್ದೂ ತಪ್ಪಾದದ್ದೂ ಒಂದೇ ಬಲದಿಂದ ಉಳಿಯುತ್ತವೆ.